ಕಪಿಲೆಯ ಹಗ್ಗ ಕಟ್ಟಿದ ದೋಣಿ

ನಾನು ಚಿಕ್ಕವನಿದ್ದಾಗ ನನಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಒಂದೇ: ಹಿಡಿದ ಹಗ್ಗವನ್ನು ಬಿಡದಿರುವುದು. ಮಗ್ಗಿ ಹತ್ತರ ಮೇಲೆ ಬರುತ್ತಿರಲಿಲ್ಲ. ಮರ ಹತ್ತಿದರೆ ಇಳಿಯಲು ಬರುತ್ತಿರಲಿಲ್ಲ. ಆದರೆ ಕೈಗೆ ಒಂದು ಹಗ್ಗ ಕೊಟ್ಟರೆ ಮುಗಿಯಿತು, ಜೋಡಿ ಎತ್ತು ಎಳೆದರೂ ಬಿಡುತ್ತಿರಲಿಲ್ಲ. ಊರವರೆಲ್ಲ ಹೊಗಳುತ್ತಿದ್ದ ಆ ವಿದ್ಯೆಯಿಂದಲೇ ಒಂದು ದಿನ ನಾನು ಅಪ್ಪನನ್ನು ಕೆರೆಗೆ ಬೀಳಿಸಿದೆ. ಆಗ ನನಗೆ ಒಂಬತ್ತು ವರ್ಷ.

ನಮ್ಮ ಊರು ತಮಿಳುನಾಡಿನ ಉತ್ತಮಪಾಳಯಂ ಹತ್ತಿರ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು; ನೋಡು ಅನ್ನಲು ಪಾರು ಅನ್ನುವಷ್ಟು ತಮಿಳು ಮನೆಯೊಳಕ್ಕೂ ನುಗ್ಗಿತ್ತು. ನಮ್ಮ ಅಜ್ಜನ ಅಜ್ಜನ ಕಾಲಕ್ಕೂ ಹಿಂದಿನಿಂದ ಹಾಗೆಯೇ. ನಾವು ಆಡುವ ಮಾತಿಗೂ ಅಕ್ಷರ ಇದೆ, ಅದನ್ನು ಬರೆಯಬಹುದು ಎಂದು ನನಗೆ ಗೊತ್ತಾದದ್ದು ದೊಡ್ಡವನಾಗಿ ಮೈಸೂರಿಗೆ ಕೆಲಸಕ್ಕೆ ಹೋದ ಮೇಲೆ. ಅದಕ್ಕೇ ಈಗ ಇಷ್ಟು ಬರೆಯುತ್ತೇನೆ, ತಡವಾಗಿ ಸಿಕ್ಕಿದ ತಿಂಡಿಯನ್ನು ಜಾಸ್ತಿ ತಿನ್ನುವವರ ಹಾಗೆ.

ಹಗ್ಗದ ವಿದ್ಯೆ ಬಂದದ್ದು ಕಪಿಲೆಯಿಂದ. ನೀವು ಕಪಿಲೆ ನೋಡಿಲ್ಲ. ಬಾವಿಯಿಂದ ಎತ್ತುಗಳ ಕೈಲಿ ನೀರು ಎತ್ತಿಸುವ ಸಾಧನ ಅದು. ಬಾವಿಯ ಬಾಯಿಯ ಮೇಲೆ ಎರಡು ಕಂಬ, ನಡುವೆ ಒಂದು ದೊಡ್ಡ ರಾಟೆ. ರಾಟೆಯ ಮೇಲೆ ಹಾದ ದಪ್ಪ ಹಗ್ಗದ ಒಂದು ತುದಿಯಲ್ಲಿ ತೊಗಲಿನ ಚೀಲ, ಇನ್ನೊಂದು ತುದಿ ಎತ್ತುಗಳ ನೊಗಕ್ಕೆ. ಎತ್ತು ಇಳಿಜಾರಿನಲ್ಲಿ ಇಳಿದಂತೆ ಚೀಲ ಮೇಲೇರುತ್ತಿತ್ತು. ಚೀಲಕ್ಕೆ ಆನೆಯ ಸೊಂಡಿಲಿನಂಥ ಒಂದು ಬಾಲ. ಆ ಬಾಲಕ್ಕೇ ಬೇರೆ ಒಂದು ಸಣ್ಣ ಹಗ್ಗ, ಅದು ಕೆಳಗಿನ ಸಣ್ಣ ಉರುಳೆಯ ಮೇಲೆ ಹಾಯುತ್ತಿತ್ತು. ಚೀಲ ಮೇಲೆ ಬಂದದ್ದೇ ಬಾಲ ತೊಟ್ಟಿಯ ಕಡೆ ಬಾಗಿ, ನೀರು ಧೋ ಎಂದು ಸುರಿಯುತ್ತಿತ್ತು. ಒದ್ದೆ ತೊಗಲಿನ ವಾಸನೆ, ರಾಟೆಯ ಕಿರುಗುಟ್ಟುವ ಸದ್ದು, ಎತ್ತಿನ ಬೆವರು. ಎತ್ತು ಇಳಿಯುವಾಗ ಹಗ್ಗದ ಮೇಲೆ ಕೂತು ಭಾರ ಹಾಕುವುದು ನನ್ನ ಕೆಲಸ. ಅಪ್ಪ ದಿನಕ್ಕೆ ನೂರು ಸಲ ಹೇಳುತ್ತಿದ್ದ ಮಾತು ಒಂದೇ, "ಬಿಡಬ್ಯಾಡ್ಲಾ!" ಹಗ್ಗ ಜಾರಿದರೆ ಚೀಲ ಬಾವಿಗೆ, ಎತ್ತು ಮುಗ್ಗರಿಸಿ ನೆಲಕ್ಕೆ.

ಆಮೇಲೆ ನಮ್ಮ ಬಾವಿಗೂ ಕರೆಂಟಿನ ಮೋಟಾರು ಬಂತು. ಕಪಿಲೆ ನಿಂತಿತು. ಅಪ್ಪ ಎರಡು ದಿನ ಕೂತು ಕಂಬ, ರಾಟೆ, ಉರುಳೆ, ಹಗ್ಗ ಎಲ್ಲ ಬಿಚ್ಚಿ ಕೊಟ್ಟಿಗೆಯಲ್ಲಿಟ್ಟ. ಮೂರನೆಯ ದಿನ ಊರ ಬಡಗಿಯನ್ನು ಕರೆತಂದು, ಮನೆಯಲ್ಲಿದ್ದ ಹಲಗೆಗಳಿಂದ ಒಂದು ದೋಣಿ ಮಾಡಲು ಕೂತ. ಕೆರೆಯಾಚೆ ನಮ್ಮ ಬಾಳೆ ತೋಟದ ಒಂದು ತುಂಡು ಇತ್ತು, ಅಲ್ಲಿಗೆ ಹೋಗಲು ಅಂತ. ನಿಜವಾದ ಕಾರಣ, ಸುಮ್ಮನೆ ಕೂತ ಕೈ ಅಪ್ಪನಿಗೆ ತುರಿಸುತ್ತಿತ್ತು. ದೋಣಿ ಎತ್ತಿನ ಮೇವಿನ ತೊಟ್ಟಿಯ ಹಾಗಿತ್ತು, ತಳ ಚಪ್ಪಟೆ, ಮೂತಿ ಮೊಂಡು. ಆದರೆ ಒಂದು ಹನಿ ನೀರು ಒಳಗೆ ಬರುತ್ತಿರಲಿಲ್ಲ.

ಆ ದೋಣಿಯ ಮೇಲೆ ಅಕ್ಕ ಕಣ್ಣು ಹಾಕಿದಳು. ಅಕ್ಕನಿಗೆ ಆಗ ಹದಿನೈದು, ಹತ್ತನೇ ಕ್ಲಾಸು. ನಮ್ಮ ಮನೆ ಕೆರೆಯ ತೆಂಕಣ ದಡದಲ್ಲಿ, ಅವಳ ಹೈಸ್ಕೂಲು ಬಡಗಣ ದಡದಲ್ಲಿ. ಬೇಸಿಗೆಯಲ್ಲಿ ಕೆರೆಯ ಒಣ ಒಡಲಿನಲ್ಲೇ ನಡೆದು ಹೋಗಬಹುದಿತ್ತು. ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಹೊಳೆಯ ಕಾಲುವೆ ಬಿಟ್ಟು ಕೆರೆ ತುಂಬಿತೆಂದರೆ ಆ ದಾರಿ ಮುಳುಗಿತು. ಏರಿಯ ಮೇಲೆ ಹೋಗೋಣವೆಂದರೆ ಕೋಡಿ ಹರಿಯುತ್ತಿತ್ತು. ರಸ್ತೆ ಹಿಡಿದು ಸುತ್ತಿ ಹೋದರೆ ಅರ್ಧ ದಿನ. ಹಿಂದಿನ ವರ್ಷ ಅಕ್ಕ ಎರಡು ತಿಂಗಳು ಮನೆಯಲ್ಲೇ ಕೂತಿದ್ದಳು. ಈ ಸಲ ಹಾಗೆ ಕೂತರೆ ಪರೀಕ್ಷೆ ಇಲ್ಲ, ಪರೀಕ್ಷೆ ಇಲ್ಲದಿದ್ದರೆ ಓದು ಅಲ್ಲಿಗೇ ಮುಗಿಯಿತು. ಇದು ಅವಳಿಗೂ ಗೊತ್ತಿತ್ತು, ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ದೋಣಿಯನ್ನು ಅಪ್ಪ ಬಿದಿರ ಗಳುವಿನಿಂದ ಒತ್ತಿ ನಡೆಸುತ್ತಿದ್ದ. ಕೆರೆ ತುಂಬಿದ ಮೇಲೆ ನಡುವಿನಲ್ಲಿ ಗಳು ತಳಕ್ಕೆ ಮುಟ್ಟುತ್ತಿರಲಿಲ್ಲ. ಹುಟ್ಟು ಹಾಕಿದರೆ ಆಡಿ ಗಾಳಿ ಪಕ್ಕಕ್ಕೆ ತಳ್ಳುತ್ತಿತ್ತು. ನಮ್ಮ ಕಡೆ ಒಂದು ಗಾದೆ ಇದೆ, ಆಡಿ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಅಂತ. ನಮ್ಮ ಪಕ್ಕದ ಗೂಡಲೂರಿನ ಘಟ್ಟದ ಸಂದಿಯಿಂದ ಹೊರಟ ಗಾಳಿ ಕಣಿವೆಯುದ್ದಕ್ಕೂ ಬಾಳೆ ಎಲೆಗಳನ್ನು ಸೀಳುತ್ತಾ ಬರುತ್ತಿತ್ತು. ಎಲ್ಲರೂ ಆ ಗಾಳಿಯನ್ನು ಬೈದರು. ಅಕ್ಕ ಮಾತ್ರ, "ಚುಮ್ಮಾ ಹೋಗ್ತಾ ಇರೋ ಗಾಳಿ, ನಮ್ಮನ್ನೂ ಕರ್ಕೊಂಡ್ ಹೋಗ್ಲಿ" ಅಂದಳು.

ಗಾಡಿಗೆ ಹೊದಿಸುತ್ತಿದ್ದ ದಪ್ಪ ಬಟ್ಟೆಯನ್ನು ಅಮ್ಮ ಸದ್ದಿಲ್ಲದೆ ಕೊಟ್ಟಳು. ಅಕ್ಕ ಅದನ್ನು ಬಿದಿರಿಗೆ ಅಡ್ಡಲಾಗಿ ಕಟ್ಟಿ ಹಾಯಿ ಮಾಡಿದಳು. ಮೊದಲ ಸಲ ದೋಣಿ ಗಾಳಿ ಹೋದ ಕಡೆಗೇ ಹೋಯಿತು, ನೇರ ಮೂಡಣದ ಏರಿಗೆ ಹೋಗಿ ಜಾಲಿ ಮುಳ್ಳಿನಲ್ಲಿ ಸಿಕ್ಕಿಕೊಂಡಿತು. ಊರೆಲ್ಲ ನಕ್ಕಿತು. ಅಪ್ಪ ನಗಲಿಲ್ಲ. ಅಜ್ಜ ತೀರಿಕೊಂಡಾಗ ರಾಮೇಶ್ವರಕ್ಕೆ ಹೋಗಿದ್ದ ಅಪ್ಪ ಅಲ್ಲಿ ಗಾಳಿಗೆ ಅಡ್ಡಡ್ಡ ಓಡುವ ದೋಣಿಗಳನ್ನು ನೋಡಿದ್ದ. ಅವುಗಳ ಹಾಯಿ ಕಂಬದ ಒಂದೇ ಬದಿಗೆ ಬಾಗಿಲಿನ ಹಾಗೆ ತಿರುಗುತ್ತಿತ್ತು ಎಂದು ನೆನಪು ಮಾಡಿ ಹೇಳಿದ.

ಅಷ್ಟು ಸಾಕಾಯಿತು ಅಕ್ಕನಿಗೆ. ಹಾಯಿಯನ್ನು ಬಿಚ್ಚಿ, ಕಂಬದ ಒಂದು ಬದಿಗೆ ಕಟ್ಟಿ, ಕೆಳಗೆ ತಿರುಗುವಂತೆ ಒಂದು ಅಡ್ಡ ಬಿದಿರು ಕೊಟ್ಟಳು. ಕಂಬ ಅಲುಗಾಡದಂತೆ ಮೂರು ಕಡೆಯಿಂದ ಹಗ್ಗ ಬಿಗಿದು, ಹುಲ್ಲಿನ ಗಾಡಿಗೆ ಬಿಗಿಯುವಂತೆ ಹಗ್ಗದ ನಡುವೆ ಕೋಲು ಸಿಕ್ಕಿಸಿ ತಿರುಚಿದಳು. ಮೀಟಿದರೆ ಟಂಯ್ ಎನ್ನುತ್ತಿತ್ತು. ದೋಣಿ ಪಕ್ಕಕ್ಕೆ ಜಾರದಿರಲು ಗದ್ದೆ ಮಟ್ಟ ಮಾಡುವ ಹಲಗೆಯನ್ನು ನೀರಿನೊಳಕ್ಕೆ ಇಳಿಬಿಟ್ಟಳು. ಗಾಳಿ ಬರುವುದು ಪಡುವಣದಿಂದ, ಹೋಗಬೇಕಾದದ್ದು ಬಡಗಣಕ್ಕೆ, ಬರಬೇಕಾದದ್ದು ತೆಂಕಣಕ್ಕೆ. "ಹೋಗುವಾಗ್ಲೂ ಗಾಳಿ ಪಕ್ಕದಿಂದ್ಲೇ, ಬರುವಾಗ್ಲೂ ಪಕ್ಕದಿಂದ್ಲೇ" ಎಂದು ನೆಲದ ಮೇಲೆ ಕಡ್ಡಿಯಿಂದ ಗೀಚಿ ನನಗೆ ತೋರಿಸಿದಳು. ನನಗೆ ಅರ್ಥವಾಗಲಿಲ್ಲ. ತಲೆ ಮಾತ್ರ ಜೋರಾಗಿ ಆಡಿಸಿದೆ.

ಆ ಸೋಮವಾರ ಬೆಳಿಗ್ಗೆ ಕೆರೆ ಏರಿಯ ಅಂಚಿಗೆ ಬಂದಿತ್ತು. ಅಂಗಳದಲ್ಲಿ ಅಜ್ಜಿ ಕೂತಿದ್ದಳು. ನಮ್ಮ ಮನೆಯಲ್ಲಿ ಅಪ್ಪನ ಮಾತೇ ಕೊನೆ, ಅದಾದ ಮೇಲೆ ಅಜ್ಜಿಯ ಮಾತು.

"ಹೆಣ್ ಪಿಳ್ಳೆ ನೀರಿಗ್ ಬಿದ್ರೆ ಏನ್ಲಾ ಮಾಡ್ತಿ?" ಎಂದು ಅಜ್ಜಿ ಅಪ್ಪನನ್ನು ಕೇಳಿದಳು.

ಅಪ್ಪ ಜಗಿಯುತ್ತಿದ್ದ ಹಲ್ಲು ಕಡ್ಡಿ ಉಗಿದು ಅಕ್ಕನ ಕಡೆ ತಿರುಗಿದ. "ಇವತ್ ಒಂದ್ ದಿನ ಪಾರ್ತೀನಿ. ನಾನೂ ಬತ್ತೀನಿ. ಪಳ್ಳಿಕೂಡದ ಮಣಿ ಹೊಡಿಯಾಕ್ ಮುಂಚೆ ಆಚೆ ದಡ ಸೇರ್ಬೇಕು. ಸಾಯಂಕಾಲ ಬುಕ್ಕೆಲ್ಲ ಒಣಗಿರಂಗೇ ಮನೆ ಸೇರ್ಬೇಕು. ನಿಮ್ಮಜ್ಜಿ ಮುಟ್ಟಿ ಪಾರ್ಲಿ. ನೆಂದಿದ್ರೆ ದೋಣಿ ಪಲಗೆ ಕಿತ್ತು ಕೊಟ್ಟಿಗೆ ಬಾಗ್ಲಿಗೆ ಹೊಡಿತೀನಿ. ನೀನು ಮನೇಲಿರು."

"ಆಗ್ಲಿ ಅಪ್ಪಾ" ಅಂದಳು ಅಕ್ಕ, ಸಂತೆಗೆ ಹೋಗಿ ಬಾ ಎಂದದ್ದಕ್ಕೆ ಒಪ್ಪಿದಂತೆ ಸಲೀಸಾಗಿ. ಅವಳ ಎದೆಯೊಳಗೆ ಏನಾಗುತ್ತಿತ್ತೋ ನನಗೆ ತಿಳಿಯದು. ನನಗಂತೂ ಹೆಮ್ಮೆಯಿಂದ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ, ಯಾಕೆಂದರೆ ಹಾಯಿಯ ಹಗ್ಗ ಹಿಡಿಯುವ ಕೆಲಸ ನನ್ನದು.

ಅಕ್ಕ ಹಿಂದೆ ಕೂತು ಹುಟ್ಟನ್ನು ಚುಕ್ಕಾಣಿಯಾಗಿ ಹಿಡಿದಳು. ನಾನು ನಡುವೆ. ಅಪ್ಪ ಗಾಳಿ ಬರುವ ಕಡೆ ಕೂರಬೇಕೆಂದು ಅಕ್ಕ ಹೇಳಿದಳು. "ಎತ್ತು ಕಟ್ಟಿದವನಿಗೆ ಕೂರೋದ್ ಹೇಳ್ಕೊಡ್ತೀಯಾ?" ಎಂದು ಅಪ್ಪ ತನಗೆ ಬೇಕಾದ ಕಡೆ, ಸರಿಯಾಗಿ ಎದುರು ಬದಿಯಲ್ಲೇ ಕೂತ. ಪುಸ್ತಕದ ಚೀಲ ನನ್ನ ಕಾಲ ಬಳಿ. ಅಕ್ಕ ನನಗೆ ಹೇಳಿದ್ದಳು, ಹಗ್ಗವನ್ನು ಬರೀ ಅಂಗೈಯಲ್ಲಿ ಹಿಡಿ ಅಂತ. ನಾನು ಕಪಿಲೆಯ ಹುಡುಗ. ಅವಳು ನೋಡದಂತೆ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡೆ.

ದೋಣಿ ಓಡಿತು! ಈಗಲೂ ಅದನ್ನು ನೆನೆದರೆ ಕೂತಲ್ಲೇ ನಗು ಬರುತ್ತದೆ. ಯಾರೂ ತಳ್ಳದೆ, ಯಾರೂ ಎಳೆಯದೆ, ಆ ಮೇವಿನ ತೊಟ್ಟಿ ನೀರನ್ನು ಸೀಳಿಕೊಂಡು ಹೊರಟಿತು. ತಳದಲ್ಲಿ ನೀರು ಗುಳುಗುಳು ಎನ್ನುತ್ತಿತ್ತು. ಕೊಕ್ಕರೆಗಳು ನಮಗೆ ದಾರಿ ಬಿಟ್ಟು ಎದ್ದವು. ಬಾಯಿಗೆ ಸಿಡಿದ ನೀರಿನಲ್ಲಿ ಪಾಚಿಯ ರುಚಿ. ಹಗ್ಗ ನನ್ನ ಕೈಯಲ್ಲಿ ಜೀವ ಇದ್ದ ಹಾಗೆ ಎಳೆಯುತ್ತಿತ್ತು. ಎಳಿ, ಎಳಿ, ಯಾರ ಹತ್ತಿರ ನಿನ್ನ ಆಟ ಎಂದುಕೊಂಡೆ.

ಕೆರೆಯ ನಡುವೆ ಬಂದಾಗ ನೀರಿನ ಮೇಲೆ ಜೋರು ಗಾಳಿ ಎಬ್ಬಿಸಿದ ಅಲೆಯ ಒಂದು ಕಪ್ಪು ಪಟ್ಟಿ ನಮ್ಮ ಕಡೆ ಓಡಿ ಬಂತು. ಅಕ್ಕ ಅದನ್ನು ಮೊದಲೇ ನೋಡಿದಳು. ಗಾಳಿ ಹಾಯಿಗೆ ಗುದ್ದಿತು, ದೋಣಿ ವಾಲಿತು.

"ಬಿಡ್ಲಾ! ಹಗ್ಗ ಬಿಡು!" ಎಂದು ಅಕ್ಕ ಕೂಗಿದಳು.

"ಬಿಡಬ್ಯಾಡ್ಲಾ!" ಎಂದು ಅಪ್ಪ ಕೂಗಿದ. ಅದು ಯೋಚಿಸಿ ಆಡಿದ ಮಾತಲ್ಲ. ಇಪ್ಪತ್ತು ವರ್ಷ ಕಪಿಲೆ ಹೊಡೆದ ಬಾಯಿಗೆ ತಾನಾಗಿ ಬಂದ ಮಾತು.

ನಾನು ಯಾರ ಮಾತು ಕೇಳಬೇಕು? ಹುಟ್ಟಿದಾಗಿನಿಂದ ಕೇಳಿದ ಮಾತನ್ನೇ ಕೇಳಿದೆ. ಬಿಡಲಿಲ್ಲ. ಎರಡೂ ಕೈಯಿಂದ ಎದೆಗೆ ಅವಚಿಕೊಂಡೆ. ದೋಣಿಯ ಒಂದು ಅಂಚು ನೀರಿಗೆ ಇಳಿಯಿತು, ಕೆರೆ ಒಳಗೆ ನುಗ್ಗಿತು, ಆ ಬದಿಯಲ್ಲಿ ಕೂತಿದ್ದ ಅಪ್ಪ ತಲೆಯ ರುಮಾಲು ಸಮೇತ ಹಿಂದಕ್ಕೆ ಉರುಳಿ ನೀರಿಗೆ ಬಿದ್ದ. ಅಪ್ಪನ ಭಾರ ಹೋದದ್ದೇ ದೋಣಿ ತಟ್ಟನೆ ನೆಟ್ಟಗಾಯಿತು. ಇಲ್ಲದಿದ್ದರೆ ನಾವಿಬ್ಬರೂ ಅಪ್ಪನ ಹಿಂದೆಯೇ ಹೋಗುತ್ತಿದ್ದೆವು.

ಬಾವಿ ಇರುವ ಮನೆಯವರಿಗೆ ನೀರಿನ ಭಯವಿಲ್ಲ. ನಮಗೆಲ್ಲ ಮೂರನೇ ವರ್ಷಕ್ಕೇ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ ಬಾವಿಗೆ ತಳ್ಳಿದ್ದರು. ಅಪ್ಪ ಎರಡು ಕೈ ಬೀಸಿ ಬಂದು ದೋಣಿಯ ಅಂಚು ಹಿಡಿದ. ಅವನ ಮೀಸೆಯಿಂದ ಪಾಚಿ ನೇತಾಡುತ್ತಿತ್ತು. ನಗು ಬರಬೇಕಿತ್ತು, ಬರಲಿಲ್ಲ. ದೋಣಿಯೊಳಗೆ ಮೊಣಕಾಲುದ್ದ ನೀರಿನಲ್ಲಿ ಅಕ್ಕನ ಪುಸ್ತಕದ ಚೀಲ ಮುಳುಗಿ ಕೂತಿತ್ತು.

ನಾನು ಗೊಳೋ ಎಂದು ಅತ್ತೆ. ಅಕ್ಕ ಅಳಲಿಲ್ಲ. ಹಾಯಿ ಸಡಿಲಿಸಿ, ಬುತ್ತಿಯ ಡಬ್ಬಿಯ ಮುಚ್ಚಳದಿಂದ ನೀರು ಮೊಗೆದು ಹಾಕುತ್ತಾ, ಅಪ್ಪನ ಕಡೆ ನೋಡದೆ ಕೇಳಿದಳು, "ಅಪ್ಪಾ, ಕಪಿಲೇಲಿ ಎಷ್ಟ್ ಹಗ್ಗ?"

"ಎರಡು" ಅಂದ ಅಪ್ಪ, ನೀರಿನಿಂದಲೇ.

"ದೊಡ್ ಹಗ್ಗ ಹಿಡಿಯಾಕೆ. ಬಾಲದ್ ಹಗ್ಗ ಯಾತಕ್ಕೆ?"

"ಸುರಿಯಾಕೆ."

"ಸುರೀದೆ ಇದ್ರೆ?"

ಅಪ್ಪ ಹಾಯಿಯನ್ನು ನೋಡಿದ, ನನ್ನ ಮಣಿಕಟ್ಟಿನ ಮೇಲೆ ಕೆಂಪಗೆ ಎದ್ದಿದ್ದ ಎರಡು ಬಾಸುಂಡೆಯನ್ನು ನೋಡಿದ. ದೋಣಿಯ ಹಿಂಬದಿ ಹಿಡಿದು ಕಾಲು ಬಡಿಯುತ್ತಾ ಬಡಗಣ ದಡದ ತನಕ ನಮ್ಮನ್ನು ತಳ್ಳಿದ. ದಡ ಮುಟ್ಟಿದಾಗ ಶಾಲೆಯ ಗಂಟೆ ಇನ್ನೂ ಹೊಡೆದಿರಲಿಲ್ಲ. ಅಕ್ಕ ದಾವಣಿಯ ಸೆರಗು ಹಿಂಡಿಕೊಂಡು, ಒದ್ದೆ ಲಂಗದಲ್ಲಿ, ಒಂದು ಪುಸ್ತಕವೂ ಇಲ್ಲದೆ ಓಡಿದಳು. ಅವಳ ಕಾಲಿನ ಗುರುತು ಬಂಡೆಯ ಮೇಲೆ ಒದ್ದೆಯಾಗಿ ಉಳಿದು, ನಾನು ನೋಡುತ್ತಿದ್ದಂತೆಯೇ ಒಣಗಿತು.

ಎಲ್ಲ ಮುಗಿಯಿತು ಎಂದುಕೊಂಡೆ. ಬುಕ್ಕು ನೆಂದಿತ್ತು. ಅಪ್ಪ ಅಜ್ಜಿಯ ಮುಂದೆ ಮಾತು ಕೊಟ್ಟಾಗಿತ್ತು, ಅಪ್ಪ ಆಡಿದ ಮಾತು ತಪ್ಪುವವನಲ್ಲ. ಅಕ್ಕನ ಓದನ್ನು ನಾನೇ ಕೆರೆಯಲ್ಲಿ ಮುಳುಗಿಸಿದ್ದೆ. ಅಪ್ಪ ಚೀಲವನ್ನು ತಲೆಕೆಳಗು ಮಾಡಿದ. ಮೊದಲು ನೀರು ಬಂತು, ಆಮೇಲೆ ಪುಸ್ತಕಗಳು. ನೋಟ್‌ಬುಕ್ಕಿನ ಮಸಿ ಹರಿದು ಪುಟವೆಲ್ಲ ನೀಲಿ. ಅಚ್ಚಿನ ಪುಸ್ತಕಗಳು ಮಾತ್ರ ಉಳಿದಿದ್ದವು, ನೆನೆದ ಹಪ್ಪಳದ ಹಾಗೆ.

ಅಪ್ಪ ಉಳಿದ ಪುಸ್ತಕಗಳನ್ನು ಬಿಸಿಲಿಗೆ ಹರಡಿ, ಕಾದ ಒಂದು ಬಂಡೆಯ ಮೇಲೆ ವಿಜ್ಞಾನದ ಪುಸ್ತಕವನ್ನು ತೆರೆದಿಟ್ಟ. ಗಾಳಿಗೆ ಹಾಳೆ ಹಾರದಂತೆ ಒಂದು ಹರಳುಕಲ್ಲು ಇಟ್ಟ. ಸ್ವಲ್ಪ ಹೊತ್ತಿಗೆ ಕಲ್ಲು ತೆಗೆದು, ಹಾಳೆ ಹರಿಯದಂತೆ ಬೆರಳ ತುದಿಯಿಂದ ಬಿಡಿಸಿ ಮಗುಚಿದ, ಮತ್ತೆ ಕಲ್ಲು ಇಟ್ಟ. ಆಮೇಲೆ ಇನ್ನೊಂದು ಹಾಳೆ. ಅಪ್ಪನಿಗೆ ಓದು ಬರುತ್ತಿರಲಿಲ್ಲ, ಒಂದಕ್ಷರವೂ. ಚಿತ್ರ ಬಂದಾಗ ಮಾತ್ರ ಸ್ವಲ್ಪ ನಿಂತು ನೋಡುತ್ತಿದ್ದ. ಒಂದು ಪುಟದಲ್ಲಿ ರಾಟೆಯ ಚಿತ್ರ ಇತ್ತು. "ಲೋ, ನಮ್ ಕಪಿಲೆ!" ಎಂದು ನನ್ನನ್ನು ಕೂಗಿ ಕರೆದ. ಆಗ ನನಗೆ ಧೈರ್ಯ ಬಂತು.

ಹಾಳೆ ಒಣಗುವ ನಡುನಡುವೆ ಅಪ್ಪ ದೋಣಿಯ ಕೆಲಸಕ್ಕೆ ಕೈ ಹಾಕಿದ. ಆಚೆ ದಡದ ನಮ್ಮ ತೋಟದ ಗುಡಿಸಲಿನಲ್ಲಿ, ಹಿಂದೆಂದೋ ಬದಲಿಸಿ ಬಿಸಾಕಿದ ಕಪಿಲೆಯ ಹಳೆಯ ಉರುಳೆ ಒಂದು ಬಿದ್ದಿತ್ತು. ಅದನ್ನು ತಂದು ದೋಣಿಯ ಹಿಂಬದಿಗೆ ಕಟ್ಟಿದ. ಅಡ್ಡ ಬಿದಿರಿನ ತುದಿಯಿಂದ ಸಣ್ಣ ಹಗ್ಗವನ್ನು ಉರುಳೆಯ ಮೇಲೆ ಹಾಯಿಸಿ ನನ್ನ ಜಾಗಕ್ಕೆ ತಂದ. ಪಕ್ಕದಲ್ಲಿ ಒಂದು ಗೂಟ ಹೊಡೆದ. ಹಗ್ಗವನ್ನು ಗೂಟಕ್ಕೆ ಅರ್ಧ ಸುತ್ತು ಹಾಕಿದರೆ ಭಾರವೆಲ್ಲ ಗೂಟಕ್ಕೆ, ಬೆರಳು ಬಿಚ್ಚಿದರೆ ಹಗ್ಗ ಸರ್ರನೆ ಓಡಬೇಕು. ಇಪ್ಪತ್ತು ಸಲ ಓಡಿಸಿ ನೋಡಿದ, ಎಲ್ಲಿಯೂ ಸಿಕ್ಕಿಕೊಳ್ಳದಂತೆ ಉರುಳೆಗೆ ಬುತ್ತಿಯ ಎಣ್ಣೆ ಸವರಿದ. ಕೆಸರಿಗೆ ಇಳಿಯುವಾಗ ನಾವು ಪಂಚೆಯನ್ನು ಮಡಚಿ ಮೇಲೆ ಕಟ್ಟುವುದಿಲ್ಲವೇ, ಹಾಗೆ ಹಾಯಿಯ ಕೆಳಗಿನ ಒಂದು ಮೊಳ ಬಟ್ಟೆಯನ್ನು ಸುತ್ತಿ ಬಿದಿರಿಗೆ ಕಟ್ಟಿದ. ಗಾಳಿ ಜಾಸ್ತಿಯಾದರೆ ಬಟ್ಟೆ ಕಡಿಮೆ ಇರಲಿ ಅಂತ.

ಕೊನೆಗೆ ನನ್ನನ್ನು ಕೂರಿಸಿ ಪಾಠ ಮಾಡಿದ. ತಾನು ಹಾಯಿಯನ್ನು ತಳ್ಳುವುದು, ನಾನು ಹಗ್ಗ ಬಿಡುವುದು. ಬಿಡು ಅಂದಾಗ ನನ್ನ ಬೆರಳು ಇನ್ನೂ ಬಿಗಿಯುತ್ತಿತ್ತು. ಮತ್ತೆ, ಮತ್ತೆ. ಮಧ್ಯಾಹ್ನದ ಹೊತ್ತಿಗೆ ಬಿಡುವುದೂ ಕಲಿಯಬೇಕಾದ ಕೆಲಸ ಎಂದು ನನಗೆ ತಿಳಿಯಿತು. ಹಿಡಿಯುವುದಕ್ಕಿಂತ ಅದು ಕಷ್ಟವಾಗಿತ್ತು.

ಸಂಜೆ ಅಕ್ಕ ಬಂದಳು. ದೂರದಿಂದಲೇ ಅವಳ ಮುಖ ಗಟ್ಟಿಯಾಗಿತ್ತು, ಏನಾದರೂ ಕೇಳಿಸಿಕೊಳ್ಳಲು ಸಿದ್ಧವಾದವರ ಮುಖ. ಅಪ್ಪ ಒಣಗಿದ ಪುಸ್ತಕಗಳನ್ನು ತನ್ನ ರುಮಾಲಿನಲ್ಲಿ ಕಟ್ಟಿ ಅವಳ ಕೈಗಿಟ್ಟ. ಆಮೇಲೆ ದೋಣಿಯ ಕಡೆ ಗಲ್ಲ ಚಾಚಿ, "ಬಾಲದ್ ಹಗ್ಗ ಹಾಕಿವ್ನಿ, ಪಾರು" ಅಂದ. ಅಕ್ಕ ಉರುಳೆಯನ್ನು ಒಮ್ಮೆ ತಿರುಗಿಸಿದಳು. ಹೋಗಿ ಚುಕ್ಕಾಣಿ ಹಿಡಿದು ಕೂತಳು.

ಗಾಳಿ ಬೆಳಿಗ್ಗೆಗಿಂತ ಜೋರಾಗಿತ್ತು. ಈ ಸಲ ಅಪ್ಪ ಯಾರೂ ಹೇಳದೆಯೇ ಗಾಳಿ ಬರುವ ಕಡೆ ಹೋಗಿ ಕೂತ. ಪುಸ್ತಕದ ಗಂಟನ್ನು ತಲೆಯ ಮೇಲೆ ಇಟ್ಟುಕೊಂಡ. ಕೆರೆಯ ನಡುವೆ ಮತ್ತೆ ಕಪ್ಪು ಪಟ್ಟಿ ಓಡಿ ಬಂತು. ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಒಂದು ಕೈಯಲ್ಲಿ ಗಂಟು ಹಿಡಿದು, ಇನ್ನೊಂದು ಕೈಯಿಂದ ತನ್ನ ಬಾಯನ್ನು ತಾನೇ ಮುಚ್ಚಿಕೊಂಡಿದ್ದ!

"ಬಿಡು" ಅಂದಳು ಅಕ್ಕ, ಈ ಸಲ ಕೂಗದೆ.

ಬಿಟ್ಟೆ. ಹಗ್ಗ ಸರ್ರನೆ ಓಡಿತು, ಹಾಯಿ ಪಟಪಟ ಬಡಿದುಕೊಂಡಿತು, ಹಿಡಿದ ಗಾಳಿಯೆಲ್ಲ ಚೀಲದ ನೀರಿನ ಹಾಗೆ ಸುರಿದು ಹೋಯಿತು. ದೋಣಿ ನೆಟ್ಟಗೆ ನಿಂತಿತು. "ಹಿಡಿ" ಅಂದಳು. ಎಳೆದು ಹಿಡಿದೆ, ದೋಣಿ ಮತ್ತೆ ಓಡಿತು. ಹಾಗೆ ಏಳೆಂಟು ಸಲ ಗಾಳಿ ಬಂತು, ಅಷ್ಟೂ ಸಲ ನಾವು ಸುರಿದೆವು. ಕೊನೆಯ ಸಲ ಅಕ್ಕನಿಗಿಂತ ಮೊದಲು ಅಪ್ಪನೇ ಮೆಲ್ಲಗೆ "ಬಿಡ್ಲಾ" ಅಂದ.

ಅಂಗಳದಲ್ಲಿ ಅಜ್ಜಿ ಬೆಳಿಗ್ಗೆ ಕೂತ ಜಾಗದಲ್ಲೇ ಇದ್ದಳು. ಅಪ್ಪ ಗಂಟು ಬಿಚ್ಚಿ ಪುಸ್ತಕಗಳನ್ನು ಅವಳ ಮಡಿಲಿಗಿಟ್ಟ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಜ್ಜಿ ಒಂದೊಂದನ್ನೇ ಅಂಗೈಯಿಂದ ಒತ್ತಿ, ಉಜ್ಜಿ, ಮೂಗಿನ ಹತ್ತಿರ ಹಿಡಿದಳು.

"ಒಣಗೈತೆ" ಅಂದಳು. ಆಮೇಲೆ, "ಇಷ್ಟ್ ಯಾಕ್ಲಾ ಉಬ್ಬೈತೆ?"

"ಹತ್ತನೇ ಕ್ಲಾಸಲ್ವಾ ಅವ್ವಾ, ಓದು ಜಾಸ್ತಿ" ಅಂದ ಅಪ್ಪ.

ಅಜ್ಜಿ ಅವನ ಮೀಸೆಯನ್ನು ನೋಡಿದಳು. ಅಲ್ಲಿ ಒಂದೆಳೆ ಪಾಚಿ ಇನ್ನೂ ಒಣಗಿ ಅಂಟಿಕೊಂಡಿತ್ತು. ಅವಳು ಒಳಗೆ ಅಮ್ಮನಿಗೆ ಕೂಗಿ, ನೆಗಡಿಗೆ ಕೊಡುವ ಕಾಳುಮೆಣಸಿನ ಸಾರು ಮಾಡಲು ಹೇಳಿದಳು, "ಮೂರ್ ಲೋಟ ಮಿಳಗುರಸ ಬಿಸಿ ಮಾಡಮ್ಮಾ. ಇರು, ನಾಲ್ಕು ಮಾಡು, ಈ ಬುಕ್ಕಿಗೂ ಸೀತ ಹಿಡ್ದಂಗೈತೆ." ಮರುದಿನ ಬೆಳಿಗ್ಗೆ ದೋಣಿಗೆ ಕುಂಕುಮ ಇಟ್ಟವಳೂ ಅವಳೇ.

ಆ ವರ್ಷ ಅಕ್ಕ ಒಂದು ದಿನವೂ ಶಾಲೆ ತಪ್ಪಿಸಲಿಲ್ಲ. ನೀಲಿಯಾದ ನೋಟ್ಸನ್ನು ವಾರವಿಡೀ ಕೂತು ಮತ್ತೆ ಬರೆದಳು. ಮುಂದೆ ಅದೇ ಶಾಲೆಗೆ ವಿಜ್ಞಾನದ ಟೀಚರಾಗಿ ಹೋದಳು, ರಾಟೆಯ ಪಾಠಕ್ಕೆ ನಮ್ಮ ಉರುಳೆಯನ್ನೇ ಒಯ್ಯುತ್ತಿದ್ದಳು.

ಈಗ ನನ್ನ ಮೊಮ್ಮಕ್ಕಳು ತೇನಿಯಲ್ಲಿದ್ದಾರೆ. ಶಾಲೆಯ ವ್ಯಾನು ಮನೆಯ ಗೇಟಿಗೇ ಬರುತ್ತದೆ, ಇನ್ನೂ ಎರಡು ಬೀದಿಯಾಚೆ ಇರುವಾಗಲೇ ಫೋನು ಕೂಗಿ ಹೇಳುತ್ತದೆ. ಅದೇ ಆಡಿ ಗಾಳಿ ಈಗ ಆಂಡಿಪಟ್ಟಿ ಕಡೆ ದೊಡ್ಡ ದೊಡ್ಡ ಗಾಳಿಯಂತ್ರಗಳನ್ನು ತಿರುಗಿಸಿ ಕರೆಂಟು ಮಾಡುತ್ತದೆ. ಹೋದ ರಜೆಯಲ್ಲಿ ಇಬ್ಬರೂ ವಿಡಿಯೋ ನೋಡಿಕೊಂಡು ಪ್ಲೈವುಡ್ಡಿನ ಒಂದು ಪುಟ್ಟ ಹಾಯಿದೋಣಿ ಮಾಡಿದರು. ನೈಲಾನ್ ಹಗ್ಗ, ಮಿರಮಿರ ಮಿಂಚುವ ಸ್ಟೀಲ್ ರಾಟೆ, ಮೈಗೆ ಕಿತ್ತಳೆ ಬಣ್ಣದ ತೇಲುವ ಅಂಗಿ. ಎಲ್ಲ ನಮ್ಮದಕ್ಕಿಂತ ಚೆಂದ, ನಾನು ಒಪ್ಪುತ್ತೇನೆ. ಮೊಮ್ಮಗ ಹಾಯಿಯ ಹಗ್ಗವನ್ನು ಮೂರು ಗಂಟು ಹಾಕಿ ಬಿಗಿದಿದ್ದ. ನಾನು ಹೋಗಿ ಮೂರನ್ನೂ ಬಿಚ್ಚಿ ತುದಿಯನ್ನು ಅವನ ಕೈಗೆ ಕೊಟ್ಟೆ. "ತಾತಾ, ಕೈ ಬಿಟ್ರೆ?" ಅಂದ. ಅದಕ್ಕೇ ಕೊಟ್ಟದ್ದು ಅಂದೆ.

ಮೊಮ್ಮಗಳು ತನ್ನ ಟ್ಯಾಬ್ ತೋರಿಸಿ, ಇದು ನೀರಿಗೆ ಬಿದ್ದರೂ ಏನೂ ಆಗುವುದಿಲ್ಲ ತಾತಾ, ಇದರಲ್ಲಿ ಸಾವಿರ ಪುಸ್ತಕ ಇವೆ ಎಂದಳು. ನಿಜವಿರಬಹುದು. ನಮ್ಮ ಕಪಾಟಿನಲ್ಲಿ ಅಕ್ಕನ ಆ ವಿಜ್ಞಾನದ ಪುಸ್ತಕ ಈಗಲೂ ಇದೆ, ಉಬ್ಬಿಕೊಂಡು, ಎರಡು ಪುಸ್ತಕದ ಜಾಗ ಹಿಡಿದುಕೊಂಡು. ತೆರೆದರೆ ಪ್ರತಿ ಹಾಳೆಯ ಮೂಲೆಯಲ್ಲೂ ಒಂದು ಹರಳುಕಲ್ಲಿನ ಗುಂಡನೆ ಗುರುತು. ಆ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಒಂದೂ ಬಿಡದೆ ಮಗುಚಿದವರು ನಮ್ಮ ಮನೆಯಲ್ಲಿ ಇಬ್ಬರೇ: ಅಕ್ಕ, ಮತ್ತು ಓದು ಬಾರದ ನನ್ನ ಅಪ್ಪ.